ನೀಲಿ ದಾರದ ಹೊಲಿಗೆ

ಭಾನುವಾರದ ಮಾಂಸದ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓವನ್ನಿನ ಬಾಗಿಲು ತೆರೆದ ಹೀದರ್‌ಗೆ ಕುಡಿದ ಚಹಾ ಗಂಟಲಿಗೆ ಬಂದಂತಾಯಿತು. ಒಳಗೆ ಆಲೂಗಡ್ಡೆ ಹುರಿಯಬೇಕಾದ ಜಾಗದಲ್ಲಿ ಕಾರಿನ ಎಂಜಿನ್ನಿನ ಮೇಲುಮುಚ್ಚಳವೊಂದು ಕಪ್ಪು ಬಣ್ಣ ಬಳಿದುಕೊಂಡು ಬೇಯುತ್ತಿತ್ತು! ಬಿಸಿ ಬಣ್ಣದ ಘಾಟು ಕಣ್ಣು, ಮೂಗು, ನಾಲಿಗೆಗೆ ಒಟ್ಟಿಗೇ ಹೊಡೆಯಿತು. ತಟ್ಟೆ ಕೆಳಗಿಟ್ಟು ಕಿಟಕಿ ತೆರೆಯಲು ಓಡಿದರೆ, ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಕಾರ್ಬ್ಯುರೇಟರಿನ ಬಿಡಿಭಾಗಗಳು ಸೀಮೆಎಣ್ಣೆಯಲ್ಲಿ ಮುಳುಗಿ ಕೂತಿದ್ದವು.

"ಮುಚ್ಚು, ಮುಚ್ಚು! ಶಾಖ ಹೋಗತ್ತೆ!" ಹಿತ್ತಲ ಬಾಗಿಲಿಂದ ಮಾವ ವಿಲ್ಫ್ರೆಡ್ ಕೂಗಿದರು. "ಬಣ್ಣ ಗಟ್ಟಿಯಾಗ್ಲಿ ಅಂತ ಇಟ್ಟಿದೀನಿ. ಇನ್ನರ್ಧ ಗಂಟೆ ಸುಮ್ನಿರು."

"ಇದು ಅಡುಗೆ ಮನೆ ವಿಲ್ಫ್ರೆಡ್... ನಾವು ಊಟ ಮಾಡೋ ಜಾಗ!"

"ಅದೇನು ಮುಖ ಸಿಂಡರಿಸ್ಕೊಂಡು ನಿಂತಿದೀಯೆ?" ಕುರ್ಚಿಯಲ್ಲಿ ಕೂತ ಅತ್ತೆ ಎಡ್ನಾ, ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲಿ ಪತ್ರಿಕೆಯ ಪುಟ ತಿರುವುತ್ತಾ ಅಂದರು. "ಈ ಮನೇಲಿ ಗ್ರೀಸಿನ ವಾಸನೆ ನೀನು ಬರೋಕ್ ಮುಂಚಿಂದ್ಲೂ ಇದೆ. ಆಗದಿದ್ರೆ ಮೂಗು ಮುಚ್ಕೋ."

ಹೀದರ್ ಮೂಗು ಮುಚ್ಚಿಕೊಳ್ಳಲಿಲ್ಲ. ಬಾಯಿ ಮುಚ್ಚಿಕೊಂಡಳು. ಗಂಡ ಕೀತ್ ಮಳೆ ಸುರಿಯುತ್ತಿದ್ದ ಒಂದು ಸಂಜೆ ವಾರಿಕ್ ರಸ್ತೆಯ ತಿರುವಿನಲ್ಲಿ ತನ್ನ ತೆರೆದ ಎಂ.ಜಿ. ಕಾರಿನೊಂದಿಗೆ ಓಕ್ ಮರಕ್ಕೆ ಅಪ್ಪಳಿಸಿ ಸತ್ತು ಆರು ವರ್ಷವಾಗಿತ್ತು. ಬಾಡಿಗೆ ಮನೆ ಉಳಿಸಿಕೊಳ್ಳಲಾಗದೆ, ಹನ್ನೊಂದು ತುಂಬದ ಮಗಳು ಪಿಪ್ಪಾಳನ್ನು ಕರೆದುಕೊಂಡು ಕೆನಿಲ್ವರ್ತ್‌ನ ಈ ಅತ್ತೆಮನೆಗೆ ಬಂದಿದ್ದಳು. ಬೆಳಗ್ಗೆ ಔಷಧಿ ಅಂಗಡಿಯ ಕೆಲಸ, ಮಧ್ಯಾಹ್ನದ ಮೇಲೆ ಅತ್ತೆಯ ಸ್ನಾನ, ಅತ್ತೆಯ ಮಾತ್ರೆ, ಅತ್ತೆಯ ಮಾತು... ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಮಾವನ ಗೆಳೆಯರನ್ನು. ಹಳೆಯ ಕಾರುಗಳ ಸಂಘದ ಆ ಮುದುಕರು ವಾರಕ್ಕೊಮ್ಮೆ ಬಂದು, ಅವಳು ಮಾಡಿದ ಸ್ಯಾಂಡ್‌ವಿಚ್ ತಿನ್ನುತ್ತಾ, ಯಾವ ವರ್ಷದ ತಿರುಪುಮೊಳೆಗೆ ಯಾವ ತಲೆ ಎಂದು ಜಗಳವಾಡುತ್ತಿದ್ದರು. ಒಬ್ಬನ ಹೆಂಡತಿ ಬಿಟ್ಟುಹೋದದ್ದು ಉಳಿದವರಿಗೆ ತಿಳಿಯಲು ಒಂದು ಚಳಿಗಾಲ ಹಿಡಿದಿತ್ತು. ಅವನ ಕಾರಿನ ಕ್ಲಚ್ ಹೋದದ್ದು ಮಾತ್ರ ಅದೇ ಸಂಜೆ ಎಲ್ಲರಿಗೂ ಗೊತ್ತಾಗಿತ್ತು! ಕಪ್ಪು ಉಗುರಿನ ಆ ಬೆರಳುಗಳು ಬೆಣ್ಣೆಯ ಬಟ್ಟಲಿಗೆ ಇಳಿಯುವುದನ್ನು ನೋಡಿದಾಗಲೆಲ್ಲ ಹೀದರ್‌ಳ ಹಸಿವು ಸತ್ತುಹೋಗುತ್ತಿತ್ತು.

ಕೆಲವು ವರ್ಷಗಳಿಂದ ವಿಲ್ಫ್ರೆಡ್ ತಮ್ಮ ಗೆಳೆಯ ಪರ್ಸಿಯ ಕೊಟ್ಟಿಗೆಯಲ್ಲಿ ಯಾವುದೋ ಕಾರು ರಿಪೇರಿ ಮಾಡುತ್ತಿದ್ದರು. ಶನಿವಾರ ಪಿಪ್ಪಾಳೂ ಜೊತೆಗೆ ಹೋಗುತ್ತಿದ್ದಳು. "ಯಾರ ಕಾರದು?" ಎಂದು ಕೇಳಿದರೆ, "ಪರ್ಸೀದು" ಎಂಬ ಉತ್ತರ. ತಂದೆಯಿಲ್ಲದ ಹುಡುಗಿ ತಾತನ ಜೊತೆ ನಗುತ್ತಾ ಬರುತ್ತಾಳಲ್ಲ ಎಂದು ಹೀದರ್ ಹೆಚ್ಚು ಕೆದಕಲಿಲ್ಲ.

ಮುಂದಿನ ಭಾನುವಾರ ಪಬ್ಬಿನ ಹಿಂದಿನ ಹುಲ್ಲುಹಾಸಿನ ಮೇಲೆ ಸಂಘದ ಮೇಳ. ಸಾಲಾಗಿ ನಿಂತ ಟ್ರಯಂಫ್, ಹೀಲಿ, ಎಂ.ಜಿ. ಕಾರುಗಳು. ಅವುಗಳ ನಡುವೆ ಬೆನ್ನ ಹಿಂದೆ ಕೈಕಟ್ಟಿ ಸುಳಿದಾಡುವ ಚಪ್ಪಟೆ ಟೋಪಿಗಳು. ನಡುವೆ ಬಟ್ಟೆ ಹೊದ್ದು ನಿಂತ ಒಂದು ಕಾರು. ವಿಲ್ಫ್ರೆಡ್ ಬಟ್ಟೆ ಎಳೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕಡುಹಸಿರು ಬಣ್ಣ, ಫಳಫಳ ಹೊಳೆಯುವ ಕಡ್ಡಿಚಕ್ರಗಳು, ಎರಡೇ ಸೀಟು.

"ನನ್ನ ಮೊಮ್ಮಗಳಿಗೆ ಹದಿನೇಳು ತುಂಬಿದ್ದಕ್ಕೆ ಉಡುಗೊರೆ!" ಎಂದರು ವಿಲ್ಫ್ರೆಡ್, ಕಣ್ಣು ತುಂಬಿಕೊಂಡು.

"ನಂಗಾ? ಅಜ್ಜಾ... ನಿಜವಾಗ್ಲೂ ನಂಗಾ?" ಪಿಪ್ಪಾ ಕಿರುಚಿ ಮುದುಕನ ಕತ್ತಿಗೆ ಜೋತುಬಿದ್ದಳು. ಮರುಗಳಿಗೆ ಸ್ಟೀರಿಂಗ್ ಹಿಡಿದು ಕೂತಿದ್ದಳು. ದೂರದಲ್ಲಿ ಚಹಾ ಮೇಜಿನ ಬಳಿ ನಿಂತಿದ್ದ ಹೀದರ್ ಕಾರನ್ನೇ ದಿಟ್ಟಿಸಿದಳು. ಕೀತ್‌ನದೂ ಇಂಥದೇ ಕಾರು, ಇದೇ ಬಣ್ಣ... ಇರಲಿ, ಇಂಥವು ದೇಶದ ತುಂಬ ಇವೆ. ಕೀತ್‌ನ ಕಾರನ್ನು ಗುಜರಿಯವರು ತಗಡು ಮಾಡಿದ್ದನ್ನು ಕಣ್ಣಾರೆ ಕಂಡೆ ಎಂದು ಮಾವನೇ ಹೇಳಿದ್ದರಲ್ಲ. ಹಾಗೆಂದು ಮನಸ್ಸನ್ನು ಸಮಾಧಾನಪಡಿಸಿಕೊಂಡು, ಮಗಳಿಗೊಂದು ಲೋಟ ಚಹಾ ಹಿಡಿದು ಅವಳು ಗುಂಪಿನ ಹತ್ತಿರ ಬಂದಳು.

"ಸೀಟು ಹಳೇದೇ ಉಳಿಸ್ಕೊಂಡಿದೀಯಲ್ಲೋ ವಿಲ್ಫ್!" ಒಬ್ಬ ಮುದುಕ ಬಗ್ಗಿ, ಚರ್ಮವನ್ನು ಮೂಸಿ ನೋಡುತ್ತಿದ್ದ. "ಆಹಾ! ಒರಿಜಿನಲ್ ಚರ್ಮ!"

"ಅದನ್ನ ಕಿತ್ತುಹಾಕಿದ್ರೆ ಏನುಳೀತು ಮಾರಾಯ?" ಅಂದ ಪರ್ಸಿ. "ಕಲೆ ಮಾತ್ರ ಸುಮಾರಾಗಿತ್ತು ನೋಡು. ಸೋಪಿನ ನೀರು, ಆಮೇಲೆ ಚರ್ಮದ ಎಣ್ಣೆ... ತಿಂಗಳುಗಟ್ಟಲೆ ಉಜ್ಜಿದ್ದು. ಅಷ್ಟೂ ಪಿಪ್ಪಾಳದೇ ಕೆಲಸ. ಬಲೇ ತಾಳ್ಮೆ ಹುಡುಗೀಗೆ!"

ಪಿಪ್ಪಾ ಹೆಮ್ಮೆಯಿಂದ ಒಂದಿಷ್ಟು ಸರಿದು ಕೂತಳು. ಆಗ ಹೀದರ್‌ಗೆ ಕಂಡಿತು. ಕಪ್ಪು ಚರ್ಮದ ಅಂಚಿನಲ್ಲಿ, ಗೇಣುದ್ದ, ನೀಲಿ ದಾರದ ಹೊಲಿಗೆ. ಮದುವೆಯಾದ ಹೊಸತರಲ್ಲಿ ಸೀಟು ಬಿರಿದಾಗ ಮನೆಯಲ್ಲಿ ಕಪ್ಪು ದಾರವಿರಲಿಲ್ಲ. "ನೀಲಿನೇ ಹಾಕೆ, ಯಾರು ನೋಡ್ತಾರೆ" ಎಂದು ಕೀತ್ ನಕ್ಕಿದ್ದ. ಅದು ಅವಳದೇ ಕೈಹೊಲಿಗೆ.

ಚಹಾದ ಲೋಟ ಹುಲ್ಲಿನ ಮೇಲೆ ಬಿತ್ತು. "ಇಳಿ!" ಎಂದಳು. ಮತ್ತೆ ಕೂಗಿದಳು: "ಪಿಪ್ಪಾ, ಇಳಿ ಕೆಳಗೆ! ಕೈ ತೆಗಿ ಅದರ ಮೇಲಿಂದ!"

"ಅಮ್ಮಾ? ಏನಾಯ್ತು?"

"ನೀನು ಉಜ್ಜಿದ್ದು ಏನು ಅಂತ ಗೊತ್ತಾ ನಿಂಗೆ? ನಿನ್ನಪ್ಪನ ರಕ್ತ ಕಣೇ! ಇದು... ಇದು ಅವರದೇ ಕಾರು!"

ಪಿಪ್ಪಾ ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಎದುರಿನ ಚಕ್ರವನ್ನು. "ಈ ಸ್ಟೀರಿಂಗಾ ಅಜ್ಜಾ... ಅಪ್ಪನ ಎದೆಗೆ ಹೊಡೆದದ್ದು?"

"ಅಲ್ಲಮ್ಮಾ, ಅಲ್ಲ!" ಪರ್ಸಿ ಗಡಿಬಿಡಿಯಿಂದ ಸಮಾಧಾನ ಹೇಳಿದ. "ಸ್ಟೀರಿಂಗ್ ಹೊಸದು. ಹಳೇದು ಬಾಗಿಹೋಗಿತ್ತು, ಸರಿ ಮಾಡೋಕ್ಕಾಗ್ಲಿಲ್ಲ."

ಅಷ್ಟರಲ್ಲಿ ಚರ್ಮ ಮೂಸಿದ ಮುದುಕ ಬಾಯಿ ಹಾಕಿದ. "ಹೌದೌದು, ಅದು ಆ ವರ್ಷದ್ದೇ ಅಲ್ಲ. ನಾನು ಆಗ್ಲೇ ಹೇಳೋಣ ಅಂತಿದ್ದೆ."

ಪಿಪ್ಪಾ ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಹೋಗಿ, ಬೇಲಿಯ ಬುಡದಲ್ಲಿ ಬಗ್ಗಿ ವಾಂತಿ ಮಾಡಿಕೊಂಡಳು. ಅವಳ ಬೆನ್ನು ಸವರುತ್ತಾ ನಿಂತ ಹೀದರ್‌ಗೆ ಆ ಟೋಪಿಗಳು, ಆ ಹೊಳಪು, ಮೇಣ ತಿಕ್ಕಿದ ಆ ತಗಡುಗಳು ಎಲ್ಲವೂ ಒಂದೇ ಕೊಳೆತ ವಾಸನೆಯಾಗಿ ಮೂಗಿಗೆ ಬಡಿದವು. ಎಲ್ಲರಿಗೂ ಗೊತ್ತಿತ್ತು! ಅವಳ ಕೈಯ ಚಹಾ ಕುಡಿದ ಒಬ್ಬೊಬ್ಬನಿಗೂ ಗೊತ್ತಿತ್ತು...

ಮನೆಗೆ ಬಂದ ಪಿಪ್ಪಾ ಸ್ನಾನದ ಮನೆ ಸೇರಿ ಕೈ ತೊಳೆಯತೊಡಗಿದಳು. ನಲ್ಲಿಯ ನೀರು ನಿಲ್ಲಲೇ ಇಲ್ಲ. ಕೆಳಗೆ ಅಡುಗೆಮನೆಯಲ್ಲಿ ಎಡ್ನಾ ಸೊಸೆಯ ಮೇಲೆ ಹರಿಹಾಯ್ದರು.

"ಅಷ್ಟು ಜನರ ಮುಂದೆ ಮಾವನ ಮಾನ ಕಳೆದ್ಯಲ್ಲ! ಮಗನ ನೆನಪಿಗೆ ಅಂತ ಒಂದು ವಸ್ತು ಇಟ್ಕೊಂಡ್ರೆ ನಿಂಗೇನೆ ನಷ್ಟ?"

"ನಿಮಗೂ ಗೊತ್ತಿತ್ತಾ ಎಡ್ನಾ?"

"ಗೊತ್ತಿತ್ತು. ಅದರಿಂದಾನೇ ನಿನ್ನ ಮಾವ ಬದುಕಿರೋದು. ಅದೊಂದು ಇಲ್ದಿದ್ರೆ ಈ ಮನುಷ್ಯ ಎದ್ದು ಬಟ್ಟೇನೂ ಹಾಕ್ಕೋತಿರ್ಲಿಲ್ಲ."

"ಅದಕ್ಕೆ ನನ್ನ ಮಗಳ ಕೈಲಿ ಆ ಕಲೆ ಒರೆಸಿದ್ರಾ? ಥೂ! ನೀವು ಹೆತ್ತ ಮಗನದಲ್ವಾ ಆ ರಕ್ತ? ನಿಮಗೆ ಅಸಹ್ಯ ಅನ್ನಿಸ್ಲಿಲ್ವಾ?"

ಒರೆಸಿದ್ದು ಯಾರೆಂಬುದು ಎಡ್ನಾಗೆ ತಿಳಿದಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಅವರು ನಿಧಾನವಾಗಿ ಗಂಡನ ಕಡೆ ತಿರುಗಿದರು. "ವಿಲ್ಫ್... ಮಗೂ ಕೈಲಾ?"

ಬಾಗಿಲ ಬಳಿ ನಿಂತಿದ್ದ ವಿಲ್ಫ್ರೆಡ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಸೊಸೆಯನ್ನು ನೋಡಿದರು. "ಬ್ರೇಕು ನಾನೇ ಕೂರಿಸಿದ್ದು ಕಣಮ್ಮಾ, ಅವನು ಹೋಗೋ ಹಿಂದಿನ ವಾರ. ಸರಿಯಾಗಿತ್ತೋ ಇಲ್ವೋ ನೋಡ್ಬೇಕಿತ್ತು. ಅದಕ್ಕೆ ಗುಜರಿಯವರ ಹತ್ರ ವಾಪಸ್ ತಗೊಂಡೆ. ನಿಂಗೆ ಹೇಗೆ ಹೇಳ್ಲಿ?"

"ನೋಡಿದ್ರಾ?"

"ನೋಡ್ದೆ. ಎಲ್ಲಾ ಬಿಚ್ಚಿ ನೋಡ್ದೆ. ಸರಿಯಾಗೇ ಇತ್ತು."

"ಮತ್ತೆ ಅವತ್ತೇ ಅದನ್ನ ಯಾಕೆ ಗುಜರಿಗೆ ಹಾಕ್ಲಿಲ್ಲ?"

"ಪರ್ಸಿ ಒಂದು ಬಾಗಿಲು ತಂದ. ಇನ್ನೊಬ್ಬ ದೀಪ ತಂದ. ಕೂರಿಸ್ತಾ ಹೋದ್ವಿ... ಸುಳ್ಳು ಯಾಕೆ ಹೇಳ್ಲಿ ಹೀದರ್, ಖುಷಿಯಾಗ್ತಿತ್ತು."

ಖುಷಿ! ಹೀದರ್‌ಗೆ ಮೈಮೇಲೆ ಹುಳ ಹರಿದಂತಾಯಿತು. "ಎರಡು ಕಾರ್ಬ್ಯುರೇಟರ್ ಉಸಿರಲ್ಲಿ ಕೂದಲೆಳೆ ವ್ಯತ್ಯಾಸ ಇದ್ರೂ ನಿಮ್ಮ ಕಿವಿಗೆ ಬೀಳತ್ತೆ. ಆರು ವರ್ಷ ಪಕ್ಕದ ಕೋಣೇಲಿ ಅತ್ತಿದೀನಲ್ಲ, ಅದು ಕೇಳಿಸ್ಲಿಲ್ವಾ? ಆಸ್ಪತ್ರೆಯವರು ದೇಹ ಗುರುತಿಸೋಕೆ ಬನ್ನಿ ಅಂದಾಗ ನಿಮ್ಮ ಕಾಲು ಹಿಡ್ಕೊಂಡೆ, ನನ್ನಿಂದಾಗಲ್ಲ, ನೀವು ಬನ್ನಿ ಅಂತ. ಬಂದ್ರಾ? ಬರ್ಲಿಲ್ಲ! ಒಬ್ಬಳೇ ಹೋದೆ. ಮಗನ ಮುಖ ನೋಡೋಕ್ಕಾಗ್ಲಿಲ್ಲ ನಿಮಗೆ, ಕಾರಿನ ಮುಖ ನೋಡೋಕಾಯ್ತು! ನಾಳೆ ನಾನೂ ಪಿಪ್ಪಾನೂ ಈ ಮನೆ ಬಿಡ್ತೀವಿ."

ಎಡ್ನಾ ಸೊಟ್ಟ ಕೈಗಳನ್ನು ಮೇಜಿನ ಮೇಲೆ ಊರಿ, ಕಷ್ಟಪಟ್ಟು ಎದ್ದು ನಿಂತರು. ಊರುಗೋಲಿಲ್ಲದೆ ಒಂದೊಂದೇ ಮೆಟ್ಟಿಲು ಹತ್ತಿ, ಸ್ನಾನದ ಮನೆಯ ಬಾಗಿಲ ಮುಂದೆ ನೆಲದ ಮೇಲೆ ಕೂತುಬಿಟ್ಟರು. "ಬಾಗಿಲು ತೆಗಿ ಪುಟ್ಟಾ," ಎನ್ನುವ ಅವರ ಗೋಗರೆತ ಕೆಳಗಿನವರೆಗೂ ಕೇಳುತ್ತಿತ್ತು.

ಬೆಳಗ್ಗೆ ಹೀದರ್ ಪೆಟ್ಟಿಗೆ ಕಟ್ಟುತ್ತಿದ್ದಾಗ ವಿಲ್ಫ್ರೆಡ್ ಕೋಟು ತೊಟ್ಟು ಬಂದರು. ಕಣ್ಣು ಊದಿತ್ತು. "ಗುಜರಿಗೆ ಹಾಕ್ತೀನಿ. ಇವತ್ತೇ."

"ಆವತ್ತೂ ಹಾಗೇ ಅಂದಿದ್ರಿ."

"ನೀನೇ ಬಂದು ನೋಡು."

"ಬರ್ತೀನಿ. ಆದ್ರೆ ಅದರಲ್ಲಿ ಕೂರಲ್ಲ."

ಸುದ್ದಿ ಹೇಗೆ ಹರಡಿತೋ, ಅಷ್ಟರಲ್ಲೇ ಫೋನು ಬಡಿದುಕೊಳ್ಳತೊಡಗಿತು. ಎತ್ತಿದವಳು ಹೀದರ್. ಒಬ್ಬರಾದರೂ ಪಿಪ್ಪಾ ಹೇಗಿದ್ದಾಳೆ ಎಂದು ಕೇಳಲಿಲ್ಲ. "ಗೇರ್‌ಬಾಕ್ಸ್ ಒಂದನ್ನಾದ್ರೂ ಬಿಚ್ಚಿಕೊಡೋಕೆ ಹೇಳಮ್ಮಾ" ಅಂದ ಒಬ್ಬ. "ಚಕ್ರಗಳು ಹೊಚ್ಚಹೊಸವು, ಪಾಪ, ಅವೇನು ತಪ್ಪು ಮಾಡಿದ್ವು?" ಅಂದ ಇನ್ನೊಬ್ಬ. ಪರ್ಸಿಯಂತೂ ಸೀಟು ಕೇಳಿದ. ಚರ್ಮ ಒಳ್ಳೆಯದಂತೆ! ವಿಲ್ಫ್ರೆಡ್ ಅವಳ ಕೈಯಿಂದ ಫೋನು ತೆಗೆದುಕೊಂಡು, "ಇನ್ಮೇಲೆ ಈ ಮನೆ ಮೆಟ್ಟಿಲು ಹತ್ತಬೇಡ ಪರ್ಸಿ" ಎಂದು ಕೆಳಗಿಟ್ಟರು. ನಲವತ್ತು ವರ್ಷದ ಸ್ನೇಹ ಅಲ್ಲಿಗೆ ಮುಗಿಯಿತು. ಹೀದರ್‌ಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

ಅವಳು ಬಸ್ಸಿನಲ್ಲಿ ಹೋಗಿ ಗುಜರಿಯ ಗೇಟಿನಲ್ಲಿ ಕಾದಳು. ಸ್ವಲ್ಪ ಹೊತ್ತಿಗೆ ಹಸಿರು ಕಾರು ಬಂತು. ತೆರೆದ ಕಾರಿನಲ್ಲಿ ಟೋಪಿ ತೊಟ್ಟ ಮುದುಕ ಒಬ್ಬನೇ. ಕಾರು ಹಿಚುಕುವ ಯಂತ್ರ ನಡೆಸುವವನು ಅದನ್ನು ಸುತ್ತಿ ನೋಡಿ, "ತಲೆ ಸರಿಯಿದೆಯಾ ಯಜಮಾನ್ರೆ? ಇಂಥದ್ದನ್ನ ಯಾರಾದ್ರೂ ತಗಡು ಮಾಡಿಸ್ತಾರಾ?" ಎಂದ.

"ಮಾಡಪ್ಪಾ," ಅಂದರು ವಿಲ್ಫ್ರೆಡ್. "ಪೂರ್ತಿ ಮಾಡು."

ಕಬ್ಬಿಣದ ದವಡೆ ಇಳಿಯಿತು. ಗಾಜು ಪುಡಿಯಾಯಿತು, ಚಕ್ರಗಳು ಮಡಚಿದವು, ಹಸಿರು ತಗಡು ಕಾಗದದಂತೆ ಮುದುಡಿತು. ಹಗುರಾಗುತ್ತದೆ ಎಂದುಕೊಂಡಿದ್ದಳು ಹೀದರ್. ಬದಲಿಗೆ, ಕೀತ್ ಹೋದ ಆ ಸಂಜೆಯನ್ನೇ ಎದುರು ನಿಂತು ನೋಡಿದಂತಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಪಕ್ಕದಲ್ಲಿ ಮಾವ ಟೋಪಿ ತೆಗೆದು ನಿಂತಿದ್ದರು.

ವಾಪಸ್ಸು ಒಂದೇ ಬಸ್ಸು, ಒಂದೇ ಸೀಟು. ಮಾವನ ಕೋಟಿನಿಂದ ಎಂಜಿನ್ ಎಣ್ಣೆಯ ವಾಸನೆ ಬರುತ್ತಿತ್ತು. ಈ ಅಸಹ್ಯ ತನ್ನನ್ನು ಬಿಟ್ಟುಹೋಗುವುದಿಲ್ಲವೆಂದು ಹೀದರ್‌ಗೆ ಗೊತ್ತಾಗಿತ್ತು. ಆದರೂ ಯಾಕೋ ಎದ್ದು ಬೇರೆ ಕಡೆ ಕೂರಲಿಲ್ಲ.

"ಹೀದರ್..." ವಿಲ್ಫ್ರೆಡ್ ಕಿಟಕಿಯಾಚೆ ನೋಡುತ್ತಲೇ ಕೇಳಿದರು. "ಆವತ್ತು ಆಸ್ಪತ್ರೇಲಿ... ಹೇಗಿದ್ದ ಅವನು?"

ಆರು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರಿಸಬಾರದು ಎಂದುಕೊಂಡಳು. ಹಾಗೇ ಉರಿಯಲಿ ಈ ಮುದುಕ ಎಂದುಕೊಂಡಳು. ಆಮೇಲೆ ತನ್ನದೇ ದನಿ ಎಲ್ಲಿಂದಲೋ ಬಂದಂತೆ ಕೇಳಿಸಿತು.

"ಮುಖಕ್ಕೆ ಏನೂ ಆಗಿರ್ಲಿಲ್ಲ. ಗಡ್ಡ ಬೋಳಿಸಿರ್ಲಿಲ್ಲ. ಕೂದಲೆಲ್ಲಾ ಮಳೆಗೆ ನೆಂದು ಹಣೆಗೆ ಅಂಟಿತ್ತು. ನರ್ಸ್ ಹತ್ರ ಬಾಚಣಿಗೆ ಇಸ್ಕೊಂಡು ಬಾಚಿದೆ."

"ಬೈತಲೆ... ಎಡಗಡೆ ತೆಗೆದ್ಯಾ?" ಮಾವ ಅವಳ ಕಡೆ ತಿರುಗಿದರು. "ಚಿಕ್ಕೋನಿದ್ದಾಗಿಂದ್ಲೂ ಎಡಗಡೇನೇ..."

"ಎಡಗಡೇನೇ ತೆಗೆದೆ."

ವಿಲ್ಫ್ರೆಡ್ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ, ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಗಟ್ಟಿಯಾಗಿ ಅತ್ತರು. ಇಳಿಯುವ ಜಾಗ ಬಂತು. ಹೀದರ್ ಬಸ್ಸು ನಿಲ್ಲಿಸುವ ಗಂಟೆ ಒತ್ತಲಿಲ್ಲ. ಹೇಳುವುದು ಇನ್ನೂ ಇತ್ತು.