ಎರಡೂ ಕೈಗೆ ಗೋರಂಟಿ

ಮಗಳನ್ನು ಆಷಾಢಕ್ಕೆ ತವರಿಗೆ ಕರೆದೊಯ್ಯಲು ಸಾಸ್ವೆಹಳ್ಳಿಯಿಂದ ಬಂದ ಶಿವಮೂರ್ತಪ್ಪ ಕಂಡದ್ದು, ಹಿತ್ತಲ ಬಾವಿಯಿಂದ ಎತ್ತಿ ಮಲಗಿಸಿದ್ದ ಅವಳ ಹೆಣ. ಪ್ರೇಮಳ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಊರ ನಾಲಿಗೆ ಆಗಲೇ ಚುರುಕಾಗಿತ್ತು.

"ಹಾರ್ಕೊಂಡ್ಲಂತೆ. ಏನು ತಪ್ಪು ಮಾಡಿದ್ಲೋ!"

ಕಣ್ಣೀರು ಹಾಕುವ ಮೊದಲೇ ಮಸಿ ಬಳಿಯುವ ಜನ!

ಚನ್ನಗಿರಿಯ ಸಬ್ ಇನ್ಸ್‌ಪೆಕ್ಟರ್ ಓಂಕಾರಪ್ಪ ಜೀಪಿನಿಂದ ಇಳಿದದ್ದೇ ತಡ, ಶಿವಮೂರ್ತಪ್ಪ ಕಾಲಿಗೆ ಬಿದ್ದ.

"ಸಾಹೇಬ್ರೇ, ಸತ್ತೋಳು ತಿರುಗಿ ಬರಾಕಿಲ್ಲ. ಅವಳ ಹೆಸರಾದ್ರೂ ಉಳಿಸ್ರಿ."

* * *

ಓಂಕಾರಪ್ಪನಿಗೆ ಮೊದಲ ಅನುಮಾನ ಗಂಡ ಕಲ್ಲೇಶಪ್ಪನ ಮೇಲೆ. ಆದರೆ ಅವನು ಇಡೀ ದಿನ ಅಕ್ಕಿ ಗಿರಣಿಯಲ್ಲಿದ್ದ. ಕಂಡವರು ಬೇಕಾದಷ್ಟು ಜನ.

ಅತ್ತೆ ಕಸ್ತೂರಮ್ಮ ಗಂಡ ಸತ್ತವಳು. ಮೈತುಂಬ ಸೆರಗು ಹೊದ್ದು ಮೂಲೆ ಹಿಡಿದಿದ್ದಳು.

"ಬೆಳಗ್ಗೇನೇ ತ್ಯಾವಣಿಗೆ ಸಂತೆಗೆ ಹೋಗಿದ್ದೆ. ಆಗಿನ್ನೂ ಗೋರಂಟಿ ಸೊಪ್ಪೂ ಕಿತ್ತಿರ್ಲಿಲ್ಲ ಆಕೆ. ಒಬ್ಳೇ ಹಚ್ಕೊಂಡು, ಕೈ ತೊಳ್ಯಾಕೆ ಹೋಗಿ ಜಾರಿರಬೇಕು."

"ಮನೇಲಿ ಬೇರೆ ಯಾರಿದ್ರು?"

"ಯಾರೂ ಇಲ್ರೀ."

ಓಂಕಾರಪ್ಪ ಪ್ರೇಮಳ ಅಂಗೈ ಬಿಡಿಸಿ ನೋಡಿದ. ಎರಡೂ ಕೈಯ ನಡುವೆ ದುಂಡು ಬೊಟ್ಟು, ಹತ್ತೂ ಬೆರಳಿಗೆ ಟೊಪ್ಪಿಗೆ. ಒಂದೇ ಕೆಂಪು. ಆಮೇಲೆ ತನ್ನ ತೋರುಬೆರಳು ನೋಡಿಕೊಂಡ. ಹಿಂದಿನ ಭಾನುವಾರ ಹೆಂಡತಿಯ ಬಲಗೈಗೆ ಗೋರಂಟಿ ಹಚ್ಚಿ ಕೆಂಪಾದ ಬೆರಳು. ಠಾಣೆಯಲ್ಲಿ ದಫೇದಾರ ಗಿಡ್ಡಪ್ಪ ಮುಸಿಮುಸಿ ನಕ್ಕಿದ್ದ. ಈಗ ಪಕ್ಕದಲ್ಲಿ ನಿಂತಿದ್ದ ಅವನೂ ಆ ಬೆರಳನ್ನೇ ನೋಡಿದ.

* * *

"ಆಸ್ಪತ್ರೆಗೆ ಒಯ್ಯೋ ಮುಂಚೆ ಸೊಸೆ ಹಣೆಗೆ ವಿಭೂತಿ ಹಚ್ರಿ ಅಮ್ಮ. ಮನೆಗೆ ಹಿರಿಯರು ನೀವು," ಎಂದ ಓಂಕಾರಪ್ಪ.

ಕಸ್ತೂರಮ್ಮ ವಿಭೂತಿಗೆ ಎಡಗೈ ಚಾಚಿದಳು.

"ಅಯ್ಯೋ, ಎಡಗೈಲಾ?" ನೆರೆದ ಹೆಂಗಸರು ಒಟ್ಟಿಗೆ ಕೂಗಿದರು.

ಬೇರೆ ದಾರಿಯಿರಲಿಲ್ಲ. ಸೆರಗಿನೊಳಗಿಂದ ಬಲಗೈ ಹೊರಬಂತು. ಹೆಬ್ಬೆರಳು, ತೋರುಬೆರಳುಗಳ ತುದಿ ಕೆಂಪಗಿತ್ತು.

ಓಂಕಾರಪ್ಪ ಆ ಬೆರಳುಗಳತ್ತ ಕೈ ತೋರಿಸಿದ.

"ಒಬ್ಬಳೇ ಹಚ್ಕೊಂಡ್ರೆ ಎರಡೂ ಕೈಗೆ ಒಂದೇ ಸಲ ಹೆಂಗೆ ಹಚ್ಚಾಕೆ ಆಗ್ತೈತೆ? ಒಂದು ಒಣಗಿದ ಮೇಲೆ ಇನ್ನೊಂದು ಹಚ್ಚಿದ್ರೆ ಬಣ್ಣ ಹೆಚ್ಚುಕಮ್ಮಿ ಆಗ್ಬೇಕು. ಇಲ್ಲಿ ಎರಡೂ ಒಂದೇ. ಯಾರೋ ಎದುರು ಕೂತು ಹಚ್ಯಾರೆ. ಸೊಪ್ಪು ಕೀಳೋ ಮುಂಚೆ ಸಂತೆಗೆ ಹೋದೋರ ಬೆರಳು ಹೆಂಗೆ ಕೆಂಪಾಯ್ತು? ತಾಯಿ ಹಂಗೆ ಕೈ ಹಿಡಿದು ಹಚ್ಚಿದ್ರಿ. ತೊಳಿಸ್ತೀನಿ ಬಾ ಅಂತ ಬಾವಿಗೆ ಕರೆದ್ರಿ. ಗೋರಂಟಿ ಕೆಡಬಾರದು ಅಂತ ಅಂಗೈ ಬಿಚ್ಕೊಂಡೇ ಬಂದ್ಲು ಆ ಕೂಸು. ನೀವು ದಬ್ಬಿದಾಗ ಹಗ್ಗನೂ ಹಿಡೀಲಿಲ್ಲ!"

"ಮತ್ತಿನ್ನೇನು ಮಾಡ್ಲಿ?" ಕಸ್ತೂರಮ್ಮ ಕಿರುಚಿದಳು. "ನನ್ ಮಗ ಹೊನ್ನಾಳೀಲಿ ಇನ್ನೊಬ್ಬಳನ್ನ ಇಟ್ಕೊಂಡಿದ್ದು ಗೊತ್ತಾಗಿತ್ತು ಅವಳಿಗೆ. ತವರಿಗೆ ಹೋಗಿ ಹೇಳಿದ್ರೆ ಮನೆ ಮರ್ಯಾದಿ ಏನಾಗ್ತಿತ್ತು?"

ಮರ್ಯಾದೆಯಂತೆ! ಕಲ್ಲೇಶಪ್ಪ ತಲೆ ತಗ್ಗಿಸಿ ನಿಂತಿದ್ದ.

ಗಿಡ್ಡಪ್ಪ ಕೋಳ ತೊಡಿಸಿದ. ಶಿವಮೂರ್ತಪ್ಪ ಮಗಳ ಎರಡೂ ಕೈಗಳನ್ನು ಎದೆಗೊತ್ತಿಕೊಂಡು, ನೆರೆದ ಊರಿನತ್ತ ತಿರುಗಿದ.

"ಕೇಳಿಸ್ತೇನ್ರೋ? ನನ್ ಮಗಳು ಹಾರಿಲ್ಲ. ಈಗ ಅನ್ರಿ ನೋಡೋಣ!"