ಗುಲನಾಜಳ ಪುಸ್ತಕ ಜೇವರ್ಗಿ ಸ್ಟ್ಯಾಂಡಿಗೆ ಬಂದದ್ದು ಹೇಗೆ

“ಈ ಪುಸ್ತಕ ನಿಮಗ ಯಾರು ಕೊಟ್ರು?”

ಜೇವರ್ಗಿ ಬಸ್ ನಿಲ್ದಾಣದ ಗದ್ದಲದಲ್ಲೂ ಆ ದನಿ ಚೂಪಾಗಿ ಕೇಳಿಸಿತು. ಪಕ್ಕದಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಪುಸ್ತಕದಂಗಡಿಯ ಅಲ್ತಾಫ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದವನು ತಲೆ ಎತ್ತಿದ.

ಎದುರಿಗೆ ಒಬ್ಬ ಯುವತಿ. ಬಿಸಿಲಿಗೆ ಕೆಂಪಾದ ಮುಖ, ತಲೆಯ ಮೇಲಿಂದ ಜಾರುತ್ತಿದ್ದ ದುಪಟ್ಟಾ, ಕಣ್ಣ ತುಂಬ ನೀರು... ಆದರೆ ಅದನ್ನು ಕೆಳಗೆ ಬೀಳಿಸಬಾರದೆಂಬ ಹಠ.

ಅವನಿಗೆ ತಕ್ಷಣ ಗುರುತು ಹತ್ತಿತು. ಪುಸ್ತಕದ ಹಿಂಬದಿಯ ಸಣ್ಣ ಫೋಟೊದಲ್ಲಿ ಈ ಮುಖವನ್ನು ಎಷ್ಟು ಸಲ ನೋಡಿದ್ದ!

“ನೀವು... ಗುಲನಾಜ ಟೀಚರ್ ಅಲ್ರಿ?”

“ನಾನು ಕೇಳಿದ್ದಕ್ಕ ಉತ್ತರ ಕೊಡ್ರಿ! ನಾ ಈ ಅಂಗಡಿಗೆ ಒಂದು ಪ್ರತಿನೂ ಕೊಟ್ಟಿಲ್ಲ. ಕದ್ದು ಛಾಪಿಸೀರಿ ಹೌದಲ್ಲೋ?”

“ಇಲ್ರಿ, ಖುದಾ ಕಸಮ್. ಕದ್ದದ್ದಲ್ಲ.”

“ಮತ್ತ ಹೆಂಗ ಬಂದ್ವು?”

ಅಲ್ತಾಫ ಬಾಯಿ ತೆರೆದ. ಏನೋ ನೆನಪಾದವನಂತೆ ಮತ್ತೆ ಮುಚ್ಚಿದ.

“ಅದನ್ನ ಹೇಳಾಕ ಬರಂಗಿಲ್ರಿ... ಮಾತು ಕೊಟ್ಟೇನಿ.”

ಗುಲನಾಜ ನಕ್ಕಳು. ಆ ನಗುವಿನಲ್ಲಿ ಬರೀ ನೋವಿತ್ತು.

“ಕಳ್ಳರೂ ಮಾತಿಗೆ ಬದ್ಧ ಇರ್ತಾರಂತ ನನಗ ಗೊತ್ತಿರಲಿಲ್ಲ!”

ಅವನು ದಾರಕ್ಕೆ ತೂಗುಹಾಕಿದ್ದ ಅವಳ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಧೂಳು ಒರೆಸಿ, ಚೀಲದಲ್ಲಿಟ್ಟು ಅವಳ ಕೈಗೆ ಕೊಟ್ಟ. ಅವಳು ಕಿತ್ತುಕೊಂಡು ಹೊರಟುಬಿಟ್ಟಳು.

ತನ್ನೂರು ಅಫಜಲಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಮೇಲೆ ಅವಳು ಅತ್ತಳು.

ಅಳದೆ ಏನು ಮಾಡಬೇಕಿತ್ತು? ಅದು ಬರೀ ಪುಸ್ತಕವಾಗಿರಲಿಲ್ಲ. ಅದು ಅವಳ ಅಕ್ಕ ಕರೀಮುನ್ನಿಸಾ!

ಅಮ್ಮಿ ತೀರಿಕೊಂಡಾಗ ಇನ್ನೂ ಸಣ್ಣವಳಾಗಿದ್ದ ಗುಲನಾಜಳನ್ನು ಎತ್ತಿ ಆಡಿಸಿದವಳು ಈ ಅಕ್ಕ, ಅವಳ ಆಪಾ. ಕೈ ಹಿಡಿದು ಕನ್ನಡ ಅಕ್ಷರ ತಿದ್ದಿಸಿದವಳೂ ಅವಳೇ. ಜೇವರ್ಗಿ ದಾರಿಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದಳು. ಅಬ್ಬಾ ಹುಸೇನಸಾಬ ಅದೇ ದಾರಿಯ ಬಸ್ಸಿಗೆ ಕಂಡಕ್ಟರ್. ಬಸುರಿಯಾದ ಆಪಾ ಬಾತ ಕಾಲು ಎಳೆಯುತ್ತ ಬಂದು ರಸ್ತೆಯ ಬದಿ ನಿಲ್ಲುತ್ತಿದ್ದಳು.

“ಅಬ್ಬಾ, ನನ್ನ ಮನಿಗೆ ಕರ್ಕೊಂಡು ಹೋಗ್ರಿ...”

“ಅತ್ತಿ ಮನಿಯವ್ರು ಬ್ಯಾಡ ಅನ್ನಾಕತ್ತಾರ ಬೇಟಾ. ಹೆರಿಗಿ ಆಗಲಿ, ನಾನೇ ಬರ್ತೇನಿ.”

ಹಾಗೆಂದು ಸೀಟಿ ಊದುತ್ತಿದ್ದರು. ಬಸ್ಸು ಹೊರಡುತ್ತಿತ್ತು.

ಹೆರಿಗೆಯಲ್ಲಿ ಆಪಾ ಹೋದಳು. ಮಗುವೂ ಹೋಯಿತು.

ಅಂದಿನಿಂದ ಅಪ್ಪ ಮಗಳ ನಡುವೆ ಊಟಕ್ಕೆ ಕರೆಯುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಹೇಳಲಾಗದ್ದನ್ನೆಲ್ಲ ಗುಲನಾಜ ಬರೆದಳು. ಆ ಅಪ್ಪನನ್ನೂ ಬರೆದಳು, ಒಂಚೂರೂ ದಯೆ ಇಲ್ಲದೆ. ಪ್ರಕಾಶಕರು ಯಾರೂ ಉತ್ತರ ಕೊಡದಿದ್ದಾಗ ತಾನೇ ಅಚ್ಚು ಹಾಕಿಸಿದಳು. ‘ಆಪಾ ಕಾಯುತ್ತಿದ್ದಳು’ ಎಂಬ ಹೆಸರಿಟ್ಟಳು.

ಮಾರುವುದು ಹೇಗೆ? ಕಥೆಗಳ ಆ್ಯಪ್ ಒಂದು ಮುಂದೆ ಬಂತು. ಫೋನಿನಲ್ಲಿ ಓದುವವರಿಗೂ, ಅಚ್ಚಿನ ಪ್ರತಿ ತರಿಸಿಕೊಳ್ಳುವವರಿಗೂ ಅವರೇ ಮಾರುತ್ತಾರೆ. ಒಂದೇ ಷರತ್ತು: ಬೇರೆ ಎಲ್ಲೂ ಮಾರಬಾರದು. ಅವಳು ಒಪ್ಪಿದಳು. ಒಂದೇ ಕಡೆ ಇದ್ದರೆ ತಲೆನೋವಿಲ್ಲ ಎಂದುಕೊಂಡಳು. ದೂರದ ಊರುಗಳಿಂದ ಓದುಗರ ಮಾತುಗಳು ಬರತೊಡಗಿದವು. ‘ಅಕ್ಕಾ, ಓದುತ್ತ ಅತ್ತುಬಿಟ್ಟೆ...’ ಅವನ್ನು ಓದಿಯೇ ಅವಳು ನಿದ್ದೆ ಹೋಗುತ್ತಿದ್ದಳು.

ಯಾರೋ ಪ್ರಯಾಣಿಕರು ಅಲ್ತಾಫನ ಅಂಗಡಿಯ ಮುಂದೆ ತೂಗುತ್ತಿದ್ದ ಪುಸ್ತಕದ ಫೋಟೊ ತೆಗೆದು ಆನ್‌ಲೈನಿನಲ್ಲಿ ಹಾಕಿದರು. ಮಾರನೆಯ ದಿನವೇ ಆ್ಯಪ್‌ನವರ ಸಂದೇಶ: ಷರತ್ತು ಮುರಿದಿದ್ದೀರಿ, ನಿಮ್ಮ ಖಾತೆ ಮುಚ್ಚಲಾಗಿದೆ.

ಪುಸ್ತಕ ಮಾಯ. ಓದುಗರ ಮಾತುಗಳೂ ಮಾಯ. ಆಪಾ ಇನ್ನೊಮ್ಮೆ ಸತ್ತಂತಾಯಿತು!

ಆ ಸಂಜೆ ಅವಳ ಸಿಟ್ಟನ್ನೆಲ್ಲ ಬಾಗಿಲ ಬಳಿ ಕುಳಿತು ಕೇಳಿಸಿಕೊಂಡ ಹುಸೇನಸಾಬರು ಮೆಲ್ಲಗೆ ಅಂದರು, “ಆ ಹುಡುಗ ಕಳ್ಳ ಅಲ್ಲ ಬೇಟಾ.”

“ನಿಮಗೇನು ಗೊತ್ತು ಅಬ್ಬಾ? ನನ್ನ ಪುಸ್ತಕ ಒಂದಿನಾದ್ರೂ ತೆರದು ನೋಡೀರೇನು?”

ಮುದುಕರ ತುಟಿ ಅಲುಗಿತು. ಏನೋ ಹೇಳಬೇಕೆಂದವರು ಕೆಮ್ಮಿದರು. ಟೋಪಿ ಸರಿಮಾಡಿಕೊಂಡು ಹೊರಗೆ ನಡೆದರು.

ಓದೋದಾದ್ರೂ ಹೆಂಗ, ಅದರಾಗ ತಮ್ಮ ಮುಖನ ಕಾಣ್ತದಲ್ಲ... ಎಂದುಕೊಂಡು ಅವಳು ಒಳಗೆ ಹೋದಳು.

ಅದೇ ವಾರ ಬೆಳಗಿನ ನಮಾಜಿಗೆ ಎದ್ದವರು ನಳದ ಹತ್ತಿರ ಕುಸಿದುಬಿಟ್ಟರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ತೀರಿಕೊಂಡ ಮೂರನೆಯ ದಿನ, ಜಿಯಾರತ್ತಿನ ಪ್ರಾರ್ಥನೆಗೆ, ಮನೆಯ ಮುಂದೆ ನೆಂಟರು ಸೇರಿದ್ದರು. ಅವರ ನಡುವೆ ಅಲ್ತಾಫನನ್ನು ಕಂಡು ಗುಲನಾಜಳ ಮೈ ಉರಿಯಿತು. ಹೆತ್ತ ತಂದೆಯನ್ನು ಕಳೆದುಕೊಂಡವನ ಹಾಗೆ ಅಳುತ್ತಿದ್ದ!

ಮಂದಿ ಕರಗಿದ ಮೇಲೆ ಅವನನ್ನು ಬಾಗಿಲಲ್ಲಿ ತಡೆದಳು.

“ನಮ್ಮ ಅಬ್ಬಾ ನಿಮಗ ಏನಾಗಬೇಕು?”

“ಬೇಕಾದವ್ರಾಗಿದ್ರು.”

“ನನ್ನ ಪುಸ್ತಕ ಮುಳುಗಿಸಿದ್ದು ಸಾಲಲಿಲ್ಲೇನು? ಈಗ ನಾಟಕ ಮಾಡಾಕ ಬಂದೀರಿ!”

ಅಲ್ತಾಫ ಒಂದು ಹೆಜ್ಜೆ ಹಿಂದೆ ಸರಿದ. ಹೊಸಲಿನ ಹೊರಗೇ ನಿಂತು, ತಲೆ ತಗ್ಗಿಸಿ ಹೇಳಿದ:

“ಬೈರಿ, ನಾ ಏನೂ ಅನ್ನಂಗಿಲ್ಲ. ಆದ್ರ ಒಂದು ಮಾತು... ಆ್ಯಪ್‌ನವ್ರು ಮುಚ್ಚಿದ್ದು ಒಂದು ಅಂಗಡಿ. ನಿಮ್ಮ ಪುಸ್ತಕಕ್ಕ ಇದ್ದದ್ದೇ ಅದೊಂದು. ಹಂಗಾಗಿ ಎಲ್ಲಾನೂ ಹೋತು. ನನ್ನ ಅಂಗಡಿಗೆ ಬರೋ ಮಂದಿ ಆ್ಯಪ್‌ನಾಗ ಪುಸ್ತಕ ಹುಡುಕಂಗಿಲ್ರಿ. ಬಸ್ ತಡಾ ಆದ್ರ ಓದ್ತಾರ. ಅವ್ರೂ ಓದುಗರು ಅಲ್ಲೇನು?”

“ಹೋಗ್ರಿ ಇಲ್ಲಿಂದ!”

ಅವನು ಹೋದ. ಗುಲನಾಜ ಬಾಗಿಲು ಹಾಕಿಕೊಂಡಳು. ಮನೆಯಲ್ಲಿ ಇನ್ನು ಅವಳೊಬ್ಬಳೇ. ಮಂಚದ ಕೆಳಗೆ, ಕಪಾಟಿನ ಮೇಲೆ, ಎಲ್ಲ ಕಡೆ ಪುಸ್ತಕದ ಕಟ್ಟುಗಳು. ಯಾರೂ ಓದದ ಆಪಾ... ಆ ಕಟ್ಟುಗಳ ನಡುವೆ ಓಡಾಡುವುದು ಗೋರಿಗಳ ನಡುವೆ ಓಡಾಡಿದಂತೆ ಇತ್ತು.

ಕೆಲವು ದಿನಗಳ ಮೇಲೆ, ಪುಸ್ತಕದಲ್ಲಿ ಅಚ್ಚಾಗಿದ್ದ ಅವಳ ಫೋನ್ ನಂಬರಿಗೆ ಒಂದು ಸಂದೇಶ ಬಂತು.

‘ನಾನೇ ಕೊಂಡ ಒಂದು ಪ್ರತಿ ನನ್ನ ಹತ್ರ ಉಳದದ. ಮಾರಂಗಿಲ್ಲ. ಬಸ್ಸಿಗೆ ಕಾಯೋರಿಗೆ ಓದಾಕ ಕೊಡ್ತೇನಿ. ಇವತ್ತು ಒಬ್ಬಾಕಿ ಅಜ್ಜಿ ಮೊಮ್ಮಗಳ ಕಡಿಂದ ಓದಿಸಿ ಕೇಳಿದ್ರು. ಬಸ್ ಬಂದ್ರೂ ಏಳಲಿಲ್ಲ. — ಅಲ್ತಾಫ’

ಅವಳು ಉತ್ತರಿಸಲಿಲ್ಲ.

ಇನ್ನೊಂದು ಬಂತು. ‘ಲಾರಿ ಡ್ರೈವರ್ ಒಬ್ರು ನಿಂತಲ್ಲೇ ಓದಿದ್ರು. ತಂಗಿಗೆ ಫೋನ್ ಹಚ್ಚಿ, ಏನೂ ಇಲ್ಲ ಸುಮ್ನ ಮಾಡ್ದೆ ಅಂದ್ರು.’

ಮತ್ತೊಂದು. ‘ನಾನೂ ಇವತ್ತು ಮತ್ತ ಓದ್ದೆ. ಆಪಾ ನಿಮ್ಮ ಜಡೆ ಹೆಣಿಯೋ ಜಾಗಾ ಬಂದಾಗ ಮುಂದ ಹೋಗಾಕ ಆಗಂಗಿಲ್ಲ.’

ಶಾಲೆಯಿಂದ ಬಂದೊಡನೆ ಗುಲನಾಜ ಫೋನ್ ನೋಡತೊಡಗಿದಳು. ಸಂದೇಶ ಇಲ್ಲದ ದಿನ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ.

ಇದೇನು? ನನ್ನ ಹಾಳು ಮಾಡಿದವನ ಮಾತಿಗೆ ನಾ ಕಾಯಾಕತ್ತೇನಿ? ಅಬ್ಬಾ ಹೋಗಿ ಎಷ್ಟು ದಿನಾ ಆತಂತ!

ತನ್ನ ಮೇಲೆಯೇ ಅಸಹ್ಯಪಟ್ಟುಕೊಂಡು ಬರೆದಳು: ‘ಸಾಕು. ಇನ್ನ ಮೆಸೇಜ್ ಮಾಡಬ್ಯಾಡ್ರಿ.’

ಅವನು ಮಾಡಲಿಲ್ಲ. ಮರುದಿನವೂ ಇಲ್ಲ, ಆಮೇಲೂ ಇಲ್ಲ. ತಾನೇ ಕೇಳಿ ಪಡೆದ ಆ ಮೌನ ಅವಳನ್ನು ತಿನ್ನತೊಡಗಿತು.

ತೊಗರಿ ರಾಶಿಯ ಸಮಯ. ಒಂದು ಮಧ್ಯಾಹ್ನ ರುಮಾಲು ಸುತ್ತಿದ ರೈತರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸಿಹಿಯ ಪೊಟ್ಟಣ.

“ಕಂಡಕ್ಟರ್ ಹುಸೇನಸಾಬ್ರ ಮನಿ ಇದೇನವಾ? ನಾ ಅತನೂರಿನ ಹಣಮಂತರಾಯ. ಮೊಮ್ಮಗ ಹುಟ್ಟ್ಯಾನ, ಅವ್ರಿಗೆ ಸಿಹಿ ಕೊಡಾಕ ಬಂದೀನಿ.”

ಅಬ್ಬಾ ಇಲ್ಲವೆಂದು ಗುಲನಾಜ ಹೇಳಿದಾಗ ಆತ ಕಟ್ಟೆಯ ಮೇಲೆ ಕುಸಿದು ಕುಳಿತರು.

“ನನ್ನ ಮಗಳ ಜೀವಾ ಉಳಸಿದವ್ರು ತಂಗಿ, ಅವ್ರು...”

“ಅಬ್ಬಾ? ಹೆಂಗ್ರಿ?”

“ಮಗಳ್ನ ಜೇವರ್ಗಿ ಕಡಿ ಕೊಟ್ಟೀನಿ. ಏಳು ತಿಂಗಳಾಗಿತ್ತು. ಮುಖ, ಕಾಲು ಎಲ್ಲಾ ಬಾತಿತ್ತು. ಕರ್ಕೊಂಡು ಹೋಗಂತ ಅತ್ಲು. ಬೀಗರು ಬ್ಯಾಡ ಅಂದ್ರು, ನಾ ಬಿಟ್ಟು ಬಂದೆ. ಜೇವರ್ಗಿ ಸ್ಟ್ಯಾಂಡಿನಾಗ ಪುಸ್ತಕದ ಅಂಗಡಿ ಮುಂದ ಸಾಹೇಬ್ರು ಕುಂತಿದ್ರು. ಮುಖ ಯಾಕ ಸಣ್ಣದಾಗ್ಯದ ಅಂತ ಕೇಳಿದ್ರು, ಹೇಳ್ದೆ. ಅಂಗಡಿಯಿಂದ ಒಂದು ಪುಸ್ತಕ ತಗೊಂಡು ನನ್ನ ಕೈಯಾಗ ಇಟ್ರು. ಓದು, ಇದರಾಗಿನ ಅಪ್ಪ ನಾನೇ, ನೀ ಹಂಗ ಆಗಬ್ಯಾಡ ಅಂದ್ರು.”

ಗುಲನಾಜ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಬಸ್ಸಿನಾಗ ಓದಾಕ ಸುರು ಮಾಡ್ದೆ. ಪೂರಾ ಮುಗಸಾಕ ಆಗಲಿಲ್ಲವಾ. ನಡುವ ಇಳದು, ಎದುರಿನ ಬಸ್ ಹತ್ತಿ ವಾಪಸ್ ಹೋದೆ. ಬೀಗರ ಕೂಡ ಜಗಳಾಡಿ ಕರ್ಕೊಂಡು ಬಂದೆ. ಇನ್ನ ತಡಾ ಮಾಡಿದ್ರ ಇಬ್ರೂ ಉಳೀತಿರಲಿಲ್ಲ ಅಂದ್ರು ಡಾಕ್ಟರ್.”

ಆತ ಹೋದ ಮೇಲೆ ಗುಲನಾಜ ಮಂಚದ ಕೆಳಗಿನ ಕಟ್ಟುಗಳನ್ನು ಎಳೆದು ನೋಡಿದಳು. ಹಿಂದಿನ ಸಾಲಿನವು ಬಿಚ್ಚಿದ್ದವು, ಅರ್ಧ ಖಾಲಿ. ಅಬ್ಬಾ ಮಲಗುತ್ತಿದ್ದದ್ದು ಅದೇ ಮಂಚದ ಮೇಲೆ.

ಅಬ್ಬಾ... ಓದಿದ್ರಿ. ಎಲ್ಲಾ ಓದಿದ್ರಿ! ಮತ್ತ ನಾ ನಿಮಗ ಏನಂದೆ...

ಮಗಳು ತನ್ನನ್ನು ದೂರಿ ಬರೆದದ್ದನ್ನೇ ಹೊತ್ತುಕೊಂಡು ಹೋಗಿ, ಬಸ್ಸಿಗೆ ಕಾಯುವ ಅಪ್ಪಂದಿರ ಕೈಗೆ ಇಡುತ್ತಿದ್ದರು ಆ ಮನುಷ್ಯ. ನೆಲದ ಮೇಲೆ ಬಿದ್ದು ಅವಳು ಅತ್ತ ಅಳುವಿಗೆ ಸಮಾಧಾನ ಹೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮಾರನೆಯ ದಿನ ಜೇವರ್ಗಿಗೆ ಹೋದಳು. ಅಲ್ತಾಫ ಅವಳನ್ನು ಕಂಡು ಎದ್ದು ನಿಂತ.

“ಅಬ್ಬಾ ಇಲ್ಲಿ ಬರ್ತಿದ್ರಂತ...”

ಅವನ ಕಣ್ಣುಗಳು ತುಂಬಿದವು. “ಯಾರು ಹೇಳಿದ್ರು?”

“ನೀವಂತೂ ಹೇಳಲಿಲ್ಲ! ನಾ ಕಳ್ಳ ಅಂದೆ, ನಾಟಕ ಅಂದೆ... ಯಾಕ ಸುಮ್ನ ಇದ್ರಿ ಅಲ್ತಾಫ?”

“ಹಿಮ್ಮತ್ ಬಂದ ದಿನ ನಾನೇ ಹೇಳ್ತೇನಿ, ಅಲ್ಲೀತನಕ ನೀ ಹೇಳಬ್ಯಾಡ ಅಂದಿದ್ರು. ಒಂದು ಪ್ರತಿ ಹೋದಾಗೆಲ್ಲ ಕಣ್ಣು ಒರಸ್ಕೊತಿದ್ರು. ಆ್ಯಪ್‌ನವರ ಷರತ್ತು ಇಬ್ರಿಗೂ ಗೊತ್ತಿರಲಿಲ್ರಿ. ನಿಮ್ಮ ಪುಸ್ತಕ ತಗದು ಹಾಕಿದ್ದು ತಿಳದ ದಿನ ಇಲ್ಲೇ ಕುಂತು ಅತ್ರು. ನನ್ನಿಂದ ಆಕಿ ಎರಡು ಸಲ ಆಪಾನ್ನ ಕಳಕೊಂಡ್ಲು ಅಂದ್ರು.”

ಗುಲನಾಜ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

“ಅವ್ರು ಹೋದ ಮ್ಯಾಲಾದ್ರೂ ಹೇಳಬಹುದಿತ್ತಲ್ಲ?”

ಅಲ್ತಾಫ ತಡವರಿಸಿದ.

“ಹೇಳಬಹುದಿತ್ತು. ಆದ್ರ ನನ್ನ ಮನಸಿನ ಮ್ಯಾಲ ನನಗೇ ಭರೋಸೆ ಇರಲಿಲ್ರಿ. ಪುಸ್ತಕ ಓದಿದಾಗಿಂದ ನಿಮ್ಮ ಮ್ಯಾಲ... ಜೀವಾ ಇಟ್ಕೊಂಡೀನಿ. ಖರೆ ಹೇಳಾಕ ಹೊಂಟೇನೋ, ಸತ್ತವ್ರ ಹೆಸರು ಹೇಳಿ ನಿಮ್ಮನ್ನ ಗೆಲ್ಲಾಕ ಹೊಂಟೇನೋ, ನನಗ ತಿಳೀಲಿಲ್ಲ. ಅದಕ್ಕ ಬೈಸ್ಕೊಂಡು ಸುಮ್ನ ಕುಂತೆ.”

ಹೆದ್ದಾರಿಯಲ್ಲಿ ಲಾರಿಗಳು ಹಾದುಹೋಗುತ್ತಿದ್ದವು. ಗುಲನಾಜ ಕಣ್ಣೊರೆಸಿಕೊಂಡು ಹೇಳಿದಳು:

“ನೀವು ಮೆಸೇಜ್ ನಿಲ್ಲಿಸಿದ ಮ್ಯಾಲ ನನಗ ಮನಿಯಾಗ ಇರಾಕ ಆಗಲಿಲ್ಲ.”

ಆಮೇಲೆ ಪುಸ್ತಕದ ಕಟ್ಟುಗಳು ಆ ಮನೆಯಿಂದ ಹೊರಬೀಳತೊಡಗಿದವು. ಅಲ್ತಾಫನ ಅಂಗಡಿಗೆ ಮತ್ತೆ ಬಂದವು. ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ದರ್ಶನಕ್ಕೆ ಬರುವವರು ಚಹಾ ಕುಡಿಯುವ ಅಂಗಡಿಯೊಂದರಲ್ಲಿ ಇಬ್ಬರೂ ಕೆಲವನ್ನು ಇಟ್ಟರು. ಫೋನ್ ಮಾಡಿ ಕೇಳಿದವರಿಗೆ ಗುಲನಾಜಳೇ ಅಂಚೆಯಲ್ಲಿ ಕಳಿಸಿದಳು. ಫೋನಿನಲ್ಲಿ ಓದುವವರಿಗಾಗಿ ಬೇರೆ ಎರಡು ಆ್ಯಪ್‌ಗಳಿಗೆ ಕೊಟ್ಟಳು. ಇಲ್ಲಿ ಮಾತ್ರ ಮಾರಬೇಕೆಂಬ ಷರತ್ತಿಗೆ ಇನ್ನೆಂದೂ ಒಪ್ಪಲಿಲ್ಲ. ಒಂದು ಕಡೆ ತಿಂಗಳುಗಟ್ಟಲೆ ಒಂದೂ ಹೋಗುತ್ತಿರಲಿಲ್ಲ, ಇನ್ನೊಂದು ಕಡೆ ಯಾರೋ ಕೇಳಿಕೊಂಡು ಬರುತ್ತಿದ್ದರು. ಯಾವ ಬಸುರಿಯ ಅಪ್ಪ ಎಲ್ಲಿ ಸಿಗುತ್ತಾನೋ ಯಾರಿಗೆ ಗೊತ್ತು?

ದುಃಖವೇನೂ ಕಡಿಮೆಯಾಗಲಿಲ್ಲ. ಅಬ್ಬಾನ ಹತ್ತಿರ ಮಾಫಿ ಕೇಳುವ ದಾರಿ ಮುಚ್ಚಿಹೋಗಿತ್ತು. ಕೆಲವು ದಿನ ಪಾಠದ ನಡುವೆಯೇ ಅವಳ ದನಿ ನಿಂತುಬಿಡುತ್ತಿತ್ತು.

ಆಳಂದದ ಅಂಗಡಿಯೊಂದಕ್ಕೆ ಪುಸ್ತಕ ಕೊಟ್ಟು ಬರಲು ಇಬ್ಬರೂ ಹೋದ ದಿನ ಮೋಡ ಕವಿದಿತ್ತು. ಕೆಲಸ ಮುಗಿಸಿ ಬೇವಿನ ಮರದ ಕೆಳಗೆ ನಿಂತಿದ್ದರು.

“ಗುಲನಾಜ...” ಅಲ್ತಾಫ ಮೊದಲ ಸಲ ಬರೀ ಹೆಸರು ಹಿಡಿದು ಕರೆದ. “ನಮ್ಮ ನಿಕಾಹದ ಮಾತು ಆಡಬೇಕಂದ್ರ... ನಿಮ್ಮ ಕಡಿಂದ ನಾ ಯಾರ ಹತ್ರ ಮಾತಾಡಲಿ?”

ಅವಳು ದುಪಟ್ಟಾ ಸರಿಮಾಡಿಕೊಂಡಳು.

“ನನ್ನ ಹತ್ರನ ಮಾತಾಡ್ರಿ. ನಮ್ಮ ಮನಿಯಾಗ ಈಗ ನಾನ ಹಿರಿಯಾಕಿ.”

“ಹಂಗಾದ್ರ ಕೇಳ್ತೇನಿ. ನಮ್ಮ ಮನಿಗೆ ಬರ್ತೀರೇನು?”

“ಬರ್ತೇನಿ... ಆದ್ರ ನನಗ ಒಮ್ಮೊಮ್ಮೆ ಸುಮ್‌ಸುಮ್ನ ಅಳು ಬರ್ತದ ಅಲ್ತಾಫ. ಆಗ ಯಾಕಂತ ಕೇಳಬಾರ್ದು.”

“ಕೇಳಂಗಿಲ್ಲ,” ಅಂದ ಅವನು. “ಬಾಜೂಕ ಬಂದು ಕುಂದರ್ತೇನಿ.”