ವೇಣೂರಿನ ಸರ್ವರ್‌ನಲ್ಲಿ ಶೋಧನ್ ಸಾಲ್ಯಾನ್

"ಯಾರು ನನ್ನ ಕಂಪ್ಯೂಟರ್ ಆಫ್ ಮಾಡಿದ್ದು?"

ಸುರಕ್ಷಾಳ ಸ್ವರ ಮೆಲ್ಕಾರಿನ ಆ ಲ್ಯಾಬ್‌ನ ಹೊರಗೆ ಬೆಂಚಿನಲ್ಲಿ ಕೂತಿದ್ದವರಿಗೂ ಕೇಳಿಸಿತು. ಅವಳು ಚಹಾ ಕುಡಿದು ಬರುವಷ್ಟರಲ್ಲಿ, ಟೈಪ್ ಮಾಡಿಟ್ಟಿದ್ದ ಹದಿನೆಂಟು ರಕ್ತಪರೀಕ್ಷೆಯ ವರದಿಗಳು ಮಾಯವಾಗಿದ್ದವು.

ಮೇಜಿನ ಅಡಿಯಿಂದ ಒಂದು ತಲೆ ಮೇಲೆ ಬಂತು. ಕೂದಲಿನಲ್ಲಿ ಜೇಡರ ಬಲೆ, ಕೈಯಲ್ಲಿ ಕೇಬಲ್.

"ನಾನೇ... ಸರ್ವರ್ ಹಾಕ್ಲಿಕ್ಕೆ ಬಂದದ್ದು. ಅದು ರೀಸ್ಟಾರ್ಟ್ ಕೇಳಿತು."

"ಹದಿನೆಂಟು ವರದಿ ಹೋಯ್ತು ಮಾರಾಯ್ರೆ."

"ತಪ್ಪಾಯ್ತು. ನೀವು ಓದಿ ಹೇಳಿ, ನಾನು ಟೈಪ್ ಮಾಡಿ ಕೊಡ್ತೇನೆ."

ಬೈಯಲು ಇನ್ನೂ ನಾಲ್ಕು ಮಾತು ಬಾಯಿಯ ತುದಿಯಲ್ಲಿದ್ದವು. ಆದರೆ ಅವನು ಆಗಲೇ ಕುರ್ಚಿ ಎಳೆದು ಕೂತಾಗಿತ್ತು. ಅವಳು ಓದಿದಳು, ಅವನು ಬರೆದ. ಒಂದೂ ತಪ್ಪಿಲ್ಲ. ಸಿಟ್ಟು ಮಾಡಲು ಕಾರಣವೇ ಸಿಗದೆ ಸುರಕ್ಷಾಳಿಗೆ ಮತ್ತಷ್ಟು ಸಿಟ್ಟು ಬಂತು.

ಅವನು ಶೋಧನ್, ಮೂಡುಬಿದಿರೆಯ ಒಂದು ಕಂಪ್ಯೂಟರ್ ಅಂಗಡಿಯವನು. ಯಾರದೋ ಸಕ್ಕರೆ ಕಾಯಿಲೆಯ ವರದಿ ವಾಟ್ಸಾಪ್‌ನಲ್ಲಿ ದಾರಿತಪ್ಪಿ ಒಂದು ಮದುವೆಮನೆಯ ಗ್ರೂಪಿಗೆ ಹೋದ ಮೇಲೆ, ಲ್ಯಾಬ್‌ನ ಯಜಮಾನರಾದ ಝಕರಿಯಾ ಡಾಕ್ಟರು ತಮ್ಮ ಮೂರು ಶಾಖೆಗಳಿಗೆ ತಮ್ಮದೇ ಮೆಸೇಜ್ ಸರ್ವರ್ ಬೇಕೆಂದು ಹಠ ಹಿಡಿದಿದ್ದರು. ಮೆಲ್ಕಾರಿನಲ್ಲಿ ವಿಂಡೋಸ್, ಮಡಂತ್ಯಾರಿನಲ್ಲಿ ಲಿನಕ್ಸ್, ವೇಣೂರಿನಲ್ಲಿ ಡಾಕ್ಟರ ತಮ್ಮ ದುಬೈಯಿಂದ ತಂದುಕೊಟ್ಟ ಹಳೆಯ ಮ್ಯಾಕ್. ಹಾಕಬೇಕಾದ ತಂತ್ರಾಂಶ ಒಂದೇ, ಹಾಕುವ ರೀತಿ ಮೂರು. ಲ್ಯಾಬ್‌ನ ಕಡೆಯಿಂದ ಈ ಕೆಲಸ ನೋಡಿಕೊಳ್ಳುವ ಹೊಣೆ ಸುರಕ್ಷಾಳದು.

ಹೊರಗಿನ ಸಂಪರ್ಕ ತಡೆಯುವ ವಿಂಡೋಸ್‌ನ ಫೈರ್‌ವಾಲ್ ಎರಡು ದಿನ ಸತಾಯಿಸಿತು. ಮೂರನೆಯ ದಿನ ಎಲ್ಲ ಸರಿಯಾದಾಗ, ಇಷ್ಟು ಬೇಗ ಸರಿಯಾಗಬೇಕಿತ್ತಾ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮಡಂತ್ಯಾರಿನಲ್ಲಿ ಲಿನಕ್ಸ್ ಸರ್ವರ್ ಮೇಲೆದ್ದ ದಿನ ಮೆಲ್ಕಾರಿನ ಪರದೆಯಲ್ಲಿ ಮೊದಲ ಪರೀಕ್ಷಾ ಸಂದೇಶ ಮೂಡಿತು. ಎಲ್ಲರೂ 'ಟೆಸ್ಟ್' ಎಂದು ಬರೆಯುವಲ್ಲಿ ಅವನು ಬರೆದಿದ್ದ:

"ಇಲ್ಲಿ ಎದುರಿನ ಹೋಟೆಲಿನಲ್ಲಿ ಬಿಸಿ ಗೋಳಿಬಜೆ ಉಂಟು. ತಲುಪಿತಾ?"

"ಸಂದೇಶ ತಲುಪಿತು. ಗೋಳಿಬಜೆ ತಲುಪಲಿಲ್ಲ."

ಸಂಜೆ ಐದಕ್ಕೆ ಎಣ್ಣೆ ಹೀರಿದ ಪೊಟ್ಟಣ ಹಿಡಿದು ಅವನು ಮೆಲ್ಕಾರಿನ ಬಾಗಿಲಲ್ಲಿ ನಿಂತಿದ್ದ. ಎರಡು ಬಸ್ಸು ಬದಲಿಸಿ ಬಂದಿದ್ದನಂತೆ. ಗೋಳಿಬಜೆ ತಣ್ಣಗಾಗಿ ರಬ್ಬರಾಗಿತ್ತು. ಅಷ್ಟನ್ನೂ ಅವಳೇ ತಿಂದಳು.

ಅವಳಿಗೆ ಅವನು ಇಷ್ಟವಾಗಿದ್ದ. ವೇಣೂರಿನ ಕೆಲಸವೂ ಮುಗಿದರೆ ಅವನಿಗೆ ಈ ಕಡೆ ಬರಲು ಕಾರಣವೇ ಇರುವುದಿಲ್ಲ. ಅದರ ಮೊದಲು ಒಂದು ಮಾತು ಹೇಳಿಬಿಡಬೇಕು...

ಮರುದಿನ ಹೇಳುವ ಧೈರ್ಯ ಕಟ್ಟಿಕೊಂಡೇ ಬಂದಳು. ಬಂದು ಸರ್ವರ್‌ನ ಬಳಕೆದಾರರ ಪಟ್ಟಿ ತೆರೆದಳು. ಎರಡೂ ಶಾಖೆಯವರ ಹೆಸರುಗಳು ಈಗ ಒಟ್ಟಿಗೆ ಕಾಣುತ್ತಿದ್ದವು. ಸುರಕ್ಷಾ ಸುವರ್ಣ. ಅದರ ಮೇಲೆ, ಶೋಧನ್ ಸಾಲ್ಯಾನ್.

ಅವಳ ಕೈ ಮೌಸ್ ಮೇಲೆಯೇ ನಿಂತಿತು.

ಅವಳ ಅಮ್ಮ ಸಾಲ್ಯಾನ್ ಬರಿಯವಳು. ಬರಿ ಎಂದರೆ ತುಳುವರಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಹಾಗಾಗಿ ಬರಿಯಲ್ಲಿ ಅವಳೂ ಸಾಲ್ಯಾನ್. ಒಂದೇ ಬರಿಯ ಹುಡುಗ ಹುಡುಗಿ ಅಣ್ಣ ತಂಗಿಯ ಹಾಗೆ. ಮದುವೆಯ ಮಾತನ್ನು ಮನೆಯಲ್ಲಿ ಎತ್ತುವಂತೆಯೇ ಇಲ್ಲ.

'ದೇವರೇ, ಇಷ್ಟು ದಿನ ನಾನು ಯಾರನ್ನು ಕಾಯುತ್ತಿದ್ದೆ...'

ಅಷ್ಟರಲ್ಲಿ ಸಂದೇಶ ಬಂತು. "ವೇಣೂರಿನ ಬಸ್ ಹತ್ತುತ್ತಿದ್ದೇನೆ. ಎಂತ ತರಲಿ?"

ಅವಳು ತುಟಿ ಕಚ್ಚಿ ಟೈಪ್ ಮಾಡಿದಳು. "ಏನೂ ಬೇಡ, ಅಣ್ಣ."

ಆ ಕೊನೆಯ ಪದ ಶೋಧನನನ್ನು ಎಷ್ಟು ನೋಯಿಸಿತೆಂದರೆ, ಮತ್ತೆ ಮೂರು ದಿನ ವೇಣೂರಿನಿಂದ ಬಂದ ಪರೀಕ್ಷಾ ಸಂದೇಶಗಳೆಲ್ಲ ಬರೀ ಅಂಕಿಗಳು. "1". "2". "3". ಒಂದೊಂದಕ್ಕೂ ಅವಳು "ತಲುಪಿತು" ಎಂದು ಬರೆದು, ಬಚ್ಚಲಿಗೆ ಹೋಗಿ ಮುಖ ತೊಳೆದು ಬರುತ್ತಿದ್ದಳು.

ನಾಲ್ಕನೆಯ ದಿನ ಡಾಕ್ಟರು ಅವಳನ್ನು ವೇಣೂರಿಗೆ ಕಳಿಸಿದರು. ಕೆಲಸ ಸರಿಯಾಗಿದೆಯೇ ನೋಡಿ ಸರ್ವರನ್ನು ವಹಿಸಿಕೊಳ್ಳಬೇಕಿತ್ತು.

"ಗುರುತಿಲ್ಲದವರ ತಂತ್ರಾಂಶ ಅಂತ ಈ ಮ್ಯಾಕ್ ಒಳಗೇ ಬಿಡ್ಲಿಲ್ಲ. ಅನುಮತಿ ಕೊಟ್ಟು ಕೊಟ್ಟು ಸಾಕಾಯ್ತು. ಈಗ ಮೂರೂ ಮಾತಾಡ್ತವೆ," ಎಂದ ಶೋಧನ್, ಅವಳ ಮುಖ ನೋಡದೆ. "ಕೆಲಸ ಮುಗಿದ ಮೇಲೆ ಹೊರಗಿನವರ ಖಾತೆ ಇರ್ಬಾರ್ದು. ನನ್ನ ಹೆಸರು ಅಳಿಸಿಬಿಡಿ."

ಅವಳು ಹೆಸರಿನ ಮೇಲೆ ಒತ್ತಿದಳು. 'ಅಳಿಸಲೇ?' ಎಂದು ಪರದೆ ಕೇಳಿತು. ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ.

"ಎಂತಾಯ್ತು?" ಅವನ ಸ್ವರ ಮೆತ್ತಗಾಯಿತು. "ಅಣ್ಣ ಅಂದದ್ದು ನೀವು. ಅಳುವುದೂ ನೀವಾ?"

"ಅನ್ನದೆ ಎಂತ ಮಾಡ್ಲಿ? ನಾನು ಸಾಲ್ಯಾನ್ ಬರಿ. ನೀವೂ ಸಾಲ್ಯಾನ್."

ಅವನು ಪರದೆಯತ್ತ ಬೆರಳು ತೋರಿಸಿದ.

"ಪಟ್ಟಿಯಲ್ಲಿ ನಿಮ್ಮ ಹೆಸರು ಸುವರ್ಣ ಅಂತ ಉಂಟಲ್ಲ?"

"ಅದು ಅಪ್ಪನದ್ದು. ಶಾಲೆಗೆ ಸೇರಿಸುವಾಗ ಅಪ್ಪ ಅವರ ಬರಿಯನ್ನೇ..."

ಮಾತು ಅರ್ಧಕ್ಕೇ ನಿಂತಿತು.

"ನನ್ನನ್ನೂ ಶಾಲೆಗೆ ಸೇರಿಸಿದ್ದು ಅಪ್ಪನೇ," ಎಂದ ಶೋಧನ್. "ಸಾಲ್ಯಾನ್ ಅಪ್ಪನ ಬರಿ. ಅಮ್ಮ ಕೋಟ್ಯಾನ್. ನಾನೂ ಕೋಟ್ಯಾನ್."

ಸುರಕ್ಷಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ತನ್ನದೇ ಹೆಸರಿನಲ್ಲಿ ಇರುವ ಸಂಗತಿ ಅವನ ಹೆಸರಿನಲ್ಲೂ ಇರಬಹುದೆಂದು ಮೂರು ದಿನ ಅತ್ತರೂ ಹೊಳೆದಿರಲಿಲ್ಲ.

"ಅಂದರೆ... ಬರಿ ಒಂದೇ ಆದದ್ದಕ್ಕೆ ಮಾತ್ರ ಅಣ್ಣ ಅಂದದ್ದಾ?" ಅವನು ಕೇಳಿದ.

"ಮತ್ತೆಂತಕ್ಕೆ? ನೀವೆಂದರೆ ನನಗೆ ಇಷ್ಟ. ಅವತ್ತೇ ಹೇಳ್ಬೇಕು ಅಂತಿದ್ದೆ."

"ನನಗೂ..." ಎಂದ ಅವನು. "ಆ ಫೈರ್‌ವಾಲ್ ಮೊದಲ ದಿನವೇ ಸರಿಯಾಗಿತ್ತು, ಸುರಕ್ಷಾ. ನಾನೇ ಎರಡು ದಿನ ಎಳೆದದ್ದು."

ಅವಳು ಕಣ್ಣೊರೆಸಿಕೊಂಡು ಅವನ ಖಾತೆಯನ್ನು ಅಳಿಸಿದಳು. ನಿಯಮ ನಿಯಮವೇ.

"ಅಯ್ಯೋ, ಅಳಿಸಿಯೇ ಬಿಟ್ರಾ? ಇನ್ನು ನಾನು ಹೇಗೆ ಮಾತಾಡುವುದು?"

"ಆದಿತ್ಯವಾರ ಮನೆಗೆ ಬನ್ನಿ. ಅಪ್ಪ ಅಮ್ಮನನ್ನೂ ಕರ್ಕೊಂಡು ಬನ್ನಿ."

"ಅಪ್ಪನೇ ಮಾತಾಡ್ತಾರೆ ಬಿಡಿ, ಅವರಿಗೆ ಮಾತು ಜಾಸ್ತಿ."

"ಮಾತಾಡ್ಲಿ," ಎಂದಳು ಸುರಕ್ಷಾ, ಅವನ ಬೆರಳುಗಳನ್ನು ಮೆಲ್ಲಗೆ ಹಿಡಿದು. "ಆದರೆ ಬರಿ ಯಾವುದು ಅಂತ ಕೇಳಿದಾಗ ಅಮ್ಮನೇ ಹೇಳ್ಲಿ."